ಬ್ಯಾಡಗಿ ಮೆಣಸಿನಕಾಯಿ ಘಾಟಿನ ನಡುವೆ ಐದು ವರ್ಷ: ಕಫ ತೆಗೆಯುವ ಅಕಪೆಲ್ಲಾ ಉಪಕರಣ ಬಳಸಿದ ನನ್ನ ಅನುಭವ

ನಾನು ಬ್ಯಾಡಗಿಯ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಇಪ್ಪತ್ತೈದನೇ ವಯಸ್ಸಿನಲ್ಲಿ ಟಿಬಿ ಆಗಿತ್ತು. ಆರು ತಿಂಗಳು ಗುಳಿಗೆ ತಗೊಂಡೆ, ವಾಸಿಯಾಯಿತು. ಆದರೆ ಅದು ಬಲಗಡೆ ಶ್ವಾಸಕೋಶದಲ್ಲಿ ಕಲೆ ಉಳಿಸಿ ಹೋಗಿತ್ತು. ಆಮೇಲೆ ಬಂದ ಕೆಮ್ಮನ್ನೆಲ್ಲ ಬಹಳ ವರ್ಷ ಖಾರದ ಕೆಮ್ಮು ಅಂದುಕೊಂಡೇ ಕಳೆದೆ. ನಮ್ಮೂರಲ್ಲಿ ಸೀಸನ್ ಬಂತೆಂದರೆ ಎಲ್ಲರೂ ಕೆಮ್ಮುತ್ತಾರೆ, ಅಲ್ವಾ?

2019ರಲ್ಲಿ ಹುಬ್ಬಳ್ಳಿಯಲ್ಲಿ ಸಿಟಿ ಸ್ಕ್ಯಾನ್ ಮಾಡಿಸಿದಾಗ ಕಾಯಿಲೆಯ ಹೆಸರು ಗೊತ್ತಾಯಿತು. ಬ್ರಾಂಕಿಯೆಕ್ಟಾಸಿಸ್. ಶ್ವಾಸನಾಳಗಳು ಅಗಲವಾಗಿ ಸಡಿಲಾಗಿರುತ್ತವೆ. ಕಫ ಮೇಲೆ ಬರದೆ ಅಲ್ಲೇ ನಿಲ್ಲುತ್ತದೆ. ನಿಂತ ಕಫದಲ್ಲಿ ಸೋಂಕು ಹುಟ್ಟುತ್ತದೆ, ಸೋಂಕಿನಿಂದ ನಾಳ ಇನ್ನಷ್ಟು ಕೆಡುತ್ತದೆ. ಹಾಳಾದ ನಾಳ ಮೊದಲಿನಂತೆ ಆಗುವುದಿಲ್ಲ. ನಮ್ಮ ಕೈಲಿರುವುದು ದಿನಾ ಕಫ ತೆಗೆದು ಜಾಗ ಸ್ವಚ್ಛ ಇಟ್ಟುಕೊಳ್ಳುವುದು.

ಮೊದಲು ತಪ್ಪು ವಸ್ತು ಕೊಂಡೆ. ಔಷಧಿ ಅಂಗಡಿಯಲ್ಲಿ ಕಫ ತೆಗೆಯುವ ಉಪಕರಣ ಕೊಡಿ ಅಂದಾಗ ಮೂರು ಬಣ್ಣದ ಚೆಂಡಿನ ಸ್ಪೈರೋಮೀಟರ್ ಕೊಟ್ಟರು. ಒಂದು ವರ್ಷ ಅದನ್ನೇ ಎಳೆದೆ. ಚೆಂಡು ಮೂರೂ ಮೇಲೆ ಹೋಗುತ್ತಿದ್ದವು, ಕಫ ಎಲ್ಲಿತ್ತೋ ಅಲ್ಲೇ. ಅದು ಉಸಿರು ಒಳಗೆ ಎಳೆಯುವ ಸಾಧನ. ಆಪರೇಷನ್ ಆದವರ ಶ್ವಾಸಕೋಶ ಚೆನ್ನಾಗಿ ಅರಳಲಿ ಅಂತ ಕೊಡುತ್ತಾರೆ, ಆ ಕೆಲಸಕ್ಕೆ ಒಳ್ಳೆಯದೇ. ನಮಗೆ ಬೇಕಾದದ್ದು ಉಸಿರು ಹೊರಗೆ ಬಿಡುವಾಗ ಕೆಲಸ ಮಾಡುವಂಥದ್ದು. ಇದೊಂದು ವ್ಯತ್ಯಾಸ ಯಾರಾದರೂ ಆಗಲೇ ಹೇಳಿದ್ದರೆ ನನ್ನ ಒಂದು ವರ್ಷ ಉಳಿಯುತ್ತಿತ್ತು.

2020ರ ಡಿಸೆಂಬರ್‌ನಲ್ಲಿ ಹುಬ್ಬಳ್ಳಿಯ ಒಬ್ಬ ಫಿಸಿಯೋಥೆರಪಿ ತಾಯಿಯವರ ಕೈಗೆ ಬಿದ್ದೆ. ಅವರು ಉಪಕರಣ ತೋರಿಸುವ ಮೊದಲು ನನ್ನ ಕನ್ನಡಕ ತೆಗೆದು ಕೈಗೆ ಕೊಟ್ಟರು. "ಇದನ್ನ ಒರಸೂ ಮುಂದ ಹೆಂಗ ಹಬಿ ಬಿಡ್ತೀರಿ, ಹಂಗ ಬಿಡ್ರಿ ಕಾಕಾರ. ಗಂಟ್ಲದಿಂದ ಬ್ಯಾಡ, ಹೊಟ್ಟಿಯಿಂದ ಬರಬೇಕು" ಅಂದರು. ಬಾಯಿ ಅಗಲ ತೆರೆದು 'ಹಾ' ಅಂತ ಬಿಟ್ಟೆ. ಗಾಜು ಮಂಜಾಯಿತು. ಇದಕ್ಕೇ ಹಫ್ ಅನ್ನುತ್ತಾರೆ. ಜೋರಾಗಿ ಕೆಮ್ಮಿದರೆ ಸಡಿಲಾದ ನಾಳಗಳು ಮುಚ್ಚಿಕೊಂಡು ಕಫ ಹಿಂದೆಯೇ ಸಿಕ್ಕಿಬೀಳಬಹುದು. ಹಫ್‌ನಲ್ಲಿ ಗಂಟಲು ತೆರೆದೇ ಇರುತ್ತದೆ, ಗಾಳಿ ಕಫವನ್ನು ತಳ್ಳಿಕೊಂಡು ಬರುತ್ತದೆ. ಮಧ್ಯಮ ಉಸಿರು ಎಳೆದು ಉದ್ದಕ್ಕೆ ಬಿಟ್ಟರೆ ಆಳದ ಕಫ ಸರಿಯುತ್ತದೆ. ಪೂರ್ತಿ ಉಸಿರು ಎಳೆದು ಚುರುಕಾಗಿ ಬಿಟ್ಟರೆ ಮೇಲೆ ಬಂದದ್ದು ಹೊರಗೆ ಬೀಳುತ್ತದೆ.

ಆಮೇಲೆ ಹಸಿರು ಬಣ್ಣದ ಅಕಪೆಲ್ಲಾ ಕೈಗೆ ಬಂತು. ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡದು. ಒಳಗೆ ಒಂದು ಸನ್ನೆ (ಲಿವರ್), ಒಂದು ಅಯಸ್ಕಾಂತ. ನಾವು ಊದಿದ ಗಾಳಿಯನ್ನು ಸನ್ನೆ ತಡೆದು ಬಿಟ್ಟು, ತಡೆದು ಬಿಟ್ಟು ಮಾಡುತ್ತದೆ. ಹಿಂದಕ್ಕೆ ಒತ್ತುವ ಗಾಳಿ ನಾಳಗಳನ್ನು ತೆರೆದಿಡುತ್ತದೆ, ನಡುಕ ಕಫವನ್ನು ಸಡಿಲ ಮಾಡುತ್ತದೆ. ಎದೆಯ ಮೇಲೆ ಕೈ ಇಟ್ಟುಕೊಂಡರೆ ಬೀಸುವ ಕಲ್ಲಿನ ಮೇಲೆ ಕೈ ಇಟ್ಟಂತೆ ಗರಗರ ಗೊತ್ತಾಗುತ್ತದೆ. ಗರಗರ ಕೆನ್ನೆಯಲ್ಲೇ ನಿಂತರೆ ನೀವು ಕೆನ್ನೆ ಉಬ್ಬಿಸಿದ್ದೀರಿ ಅಂತ ಅರ್ಥ. ಕೆನ್ನೆ ಬಿಗಿ ಹಿಡಿಯಬೇಕು. ನಾನು ಮೊದಲ ತಿಂಗಳು ಎರಡು ಬೆರಳಿಂದ ಕೆನ್ನೆ ಒತ್ತಿಕೊಂಡೇ ಊದಿದೆ.

ಈಗಿನ ನನ್ನ ಕ್ರಮ ಹೀಗಿದೆ. ಬೆಳಿಗ್ಗೆ ಚಹಾ ಕುಡಿದು, ನಾಷ್ಟಾಕ್ಕೆ ಮುಂಚೆ ಮೇಜಿನ ಮೇಲೆ ಮೊಣಕೈ ಊರಿ ನೆಟ್ಟಗೆ ಕೂರುತ್ತೇನೆ. ನಾಳ ಹಿಗ್ಗಿಸುವ ಇನ್ಹೇಲರ್ ಮೊದಲು. ಡಾಕ್ಟರ್ ಬರೆದುಕೊಟ್ಟ ದಿನಗಳಲ್ಲಿ, ದ್ರವವನ್ನು ಮಂಜಿನಂತೆ ಮಾಡಿ ಕೊಡುವ ನೆಬುಲೈಸರ್‌ನಲ್ಲಿ 3% ಉಪ್ಪುನೀರು. ಆಮೇಲೆ ಅಕಪೆಲ್ಲಾ. ಮಾಮೂಲಿಗಿಂತ ಸ್ವಲ್ಪ ಜಾಸ್ತಿ ಉಸಿರು ಎಳೆದು, ಎರಡು ಮೂರು ಸೆಕೆಂಡ್ ತಡೆದು, ಮೂರು ನಾಲ್ಕು ಸೆಕೆಂಡ್ ಸಮಾಧಾನವಾಗಿ ಬಿಡುವುದು. ಹತ್ತು ಸಲ. ನಂತರ ಎರಡು ಹಫ್. ಒಂದು ನಿಮಿಷ ಸುಮ್ನೆ ಉಸಿರಾಟ. ಮತ್ತೆ ಮೊದಲಿಂದ. ಹದಿನೈದು ನಿಮಿಷದಲ್ಲಿ ಮುಗಿಯುತ್ತದೆ. ಸಂಜೆ ಊಟಕ್ಕೆ ಮುಂಚೆ ಇನ್ನೊಂದು ಸಲ. ಜೋರಾಗಿ ಊದಿದರೆ ಬೇಗ ಕಫ ಬರುತ್ತದೆ ಅನ್ನುವುದು ಸುಳ್ಳು. ಹಾಗೆ ಊದಿದ ದಿನ ತಲೆ ತಿರುಗಿದ್ದು ಬಿಟ್ಟರೆ ಏನೂ ಬರಲಿಲ್ಲ.

ಬೇರೆ ಉಪಕರಣಗಳನ್ನೂ ಕೈಯಲ್ಲಿ ಹಿಡಿದು ನೋಡಿದ್ದೇನೆ. ಫ್ಲಟ್ಟರ್ ಹಳೇ ಕಾಲದ ಚಿಲುಮೆಯಂತಿದೆ, ಒಳಗೊಂದು ಉಕ್ಕಿನ ಗುಂಡು. ಸರಳ ವಸ್ತು. ಆದರೆ ಗುಂಡು ತನ್ನ ಭಾರದಿಂದ ಕೆಲಸ ಮಾಡುವುದರಿಂದ ಹಿಡಿಯುವ ಕೋನ ಸರಿ ಇರಬೇಕು, ಮಲಗಿ ಬಳಸಲು ಆಗದು. ಅಕಪೆಲ್ಲಾಗೆ ಆ ತೊಂದರೆ ಇಲ್ಲ. ಜ್ವರದ ದಿನ ಒಂದು ಮಗ್ಗುಲಾಗಿ ಮಲಗಿಯೂ ಊದಿದ್ದೇನೆ. ಏರೋಬಿಕಾ ಅನ್ನುವ ಇನ್ನೊಂದು ಊದುವ ಉಪಕರಣಕ್ಕೆ ನೆಬುಲೈಸರ್ ಜೋಡಿಸಿ ಎರಡೂ ಕೆಲಸ ಒಟ್ಟಿಗೆ ಮಾಡಬಹುದು, ಸಮಯ ಇಲ್ಲದವರಿಗೆ ಅದು ಅನುಕೂಲ. ಎದೆ ನಡುಗಿಸುವ ಗಾಳಿ ಜಾಕೆಟ್ ಲಕ್ಷಗಟ್ಟಲೆ ಬೆಲೆಯದು. ಊದಲು ಶಕ್ತಿ ಇಲ್ಲದವರಿಗೆ, ಹೇಳಿದಂತೆ ಮಾಡಲಾಗದ ಸಣ್ಣ ಮಕ್ಕಳಿಗೆ ಅದರ ಅಗತ್ಯ ಬೀಳಬಹುದು. ನನಗೆ ಬೇಕಿಲ್ಲ. ತಲೆ ಕೆಳಗೆ ಮಾಡಿ ಬೆನ್ನು ತಟ್ಟುವ ಹಳೇ ಪದ್ಧತಿಯನ್ನು ನಮ್ಮ ಮನೆಯವರು ಕೆಲವು ತಿಂಗಳು ಶ್ರದ್ಧೆಯಿಂದ ಮಾಡಿದರು. ನನಗೆ ಹುಳಿ ತೇಗು ಬರುತ್ತಿತ್ತು, ಅವರ ಕೈ ನೋಯುತ್ತಿತ್ತು. ತಲೆ ತಗ್ಗಿಸದೆ ಬರೀ ಮಗ್ಗುಲಾಗಿ ಮಲಗಿದರೂ ನಡೆಯುತ್ತದೆ ಅಂತ ಆಮೇಲೆ ತಿಳಿಯಿತು.

ದುಡ್ಡೇ ಇಲ್ಲ ಅನ್ನುವವರಿಗೂ ದಾರಿ ಇದೆ. ನಿಧಾನ ಉಸಿರಾಟ, ಮೂರು ನಾಲ್ಕು ಆಳವಾದ ಉಸಿರು, ಮತ್ತೆ ನಿಧಾನ, ಆಮೇಲೆ ಹಫ್. ಈ ಸುತ್ತಿಗೆ ಯಾವ ಉಪಕರಣವೂ ಬೇಡ. ಮೋಟೆಬೆನ್ನೂರು ಕ್ರಾಸ್‌ನಲ್ಲಿ ಬಸ್ಸಿಗೆ ಕಾಯುವಾಗ ಒಂದು ಬದಿಗೆ ಹೋಗಿ ನಾನು ಇದನ್ನೇ ಮಾಡುತ್ತೇನೆ. ಬೆಲ್ಜಿಯಂನ ಶೆವಾಯೇ ಅನ್ನುವವರು ಕಟ್ಟಿದ ಆಟೋಜೆನಿಕ್ ಡ್ರೈನೇಜ್ ಕೂಡ ಬರೀ ಉಸಿರಿನದ್ದೇ ವಿದ್ಯೆ. ಅದನ್ನು ಕಲಿಯಲು ನನಗೆ ತಾಳ್ಮೆ ಸಾಲಲಿಲ್ಲ. ಅಕಪೆಲ್ಲಾ ಗರಗರ ಅಂದರೆ ಸರಿ ಊದುತ್ತಿದ್ದೇನೆ ಅಂತ ತಕ್ಷಣ ಗೊತ್ತಾಗುತ್ತದೆ. ನನ್ನಂಥವರಿಗೆ ಆ ಸುಳಿವು ಬಹಳ ಮುಖ್ಯ.

ತೊಳೆಯುವ ವಿಷಯದಲ್ಲಿ ಮಾತ್ರ ಸೋಮಾರಿತನ ಬೇಡವೇ ಬೇಡ. ಒದ್ದೆ ಬಿಟ್ಟರೆ ಸೂಕ್ಷ್ಮಾಣು ಬೆಳೆಯುತ್ತವೆ, ಅವನ್ನೇ ಮತ್ತೆ ಒಳಗೆ ಎಳೆದಂತೆ. ಬಿಚ್ಚಿ ತೊಳೆಯಲು ಬರುವ ಮಾದರಿಯನ್ನೇ ಕೇಳಿ ತಗೊಳ್ಳಿ. ನಾನು ದಿನಾ ಸೋಪಿನ ಬಿಸಿನೀರಲ್ಲಿ ತೊಳೆದು, ಕೊಡವಿ, ಬಿಳಿ ಬಟ್ಟೆಯ ಮೇಲೆ ಬಿಡಿಬಿಡಿಯಾಗಿ ಒಣಗಿಸುತ್ತೇನೆ. ಎಷ್ಟು ದಿನಕ್ಕೊಮ್ಮೆ, ಹೇಗೆ ಕುದಿಸಬೇಕು ಅನ್ನುವುದು ಜೊತೆಗೆ ಬರುವ ಚೀಟಿಯಲ್ಲಿರುತ್ತದೆ. 2022ರ ಫೆಬ್ರವರಿಯ ಒಂದು ಸೋಮವಾರ ಅದನ್ನು ಕಿಟಕಿ ಕಟ್ಟೆಯ ಮೇಲೆ ಒಣಗಲು ಇಟ್ಟಿದ್ದೆ. ನಮ್ಮಲ್ಲಿ ಸೋಮವಾರ, ಗುರುವಾರ ಪೇಟೆ. ಎದುರಿನ ರಸ್ತೆಯಲ್ಲಿ ಚೀಲ ತುಂಬಿದ ಗಾಡಿಗಳು ಸಾಲಾಗಿ ನಿಂತಿದ್ದವು. ಸಂಜೆ ಬಾಯಿಗಿಟ್ಟು ಉಸಿರು ಎಳೆದೆ ನೋಡಿ, ಸಣ್ಣ ಖಾರದ ಧೂಳು ಗಂಟಲಿಗೆ ಇಳಿಯಿತು. ಅರ್ಧ ಗಂಟೆ ಕೆಮ್ಮು ನಿಲ್ಲಲಿಲ್ಲ, ನಮ್ಮ ಮನೆಯವರು ಹೆದರಿ ಅಳತೊಡಗಿದರು. ಅಂದಿನಿಂದ ಒಳಮನೆಯಲ್ಲಿ, ಮುಚ್ಚಿದ ಜಾಲರಿ ಬುಟ್ಟಿಯಲ್ಲಿ ಒಣಗಿಸುತ್ತೇವೆ. ಸೀಸನ್‌ನಲ್ಲಿ ಅಂಗಡಿಗೆ ಮಾಸ್ಕ್ ಹಾಕಿಕೊಂಡೇ ಹೋಗುತ್ತೇನೆ.

ಏನು ಲಾಭ ಆಯಿತು? ಮೊದಲು ವರ್ಷಕ್ಕೆ ನಾಲ್ಕು ಸಲ ಆಂಟಿಬಯಾಟಿಕ್ ನುಂಗುತ್ತಿದ್ದೆ. ಕಳೆದ ಎರಡು ವರ್ಷ ಒಂದೊಂದೇ ಸಲ. ಇನ್ಹೇಲರ್, ಫ್ಲೂ ಲಸಿಕೆ, ದಿನದ ನಡಿಗೆಗೂ ಇದರಲ್ಲಿ ಪಾಲಿದೆ. ಆದರೆ ರಾತ್ರಿ ನಿದ್ದೆ ಮರಳಿ ಬಂದದ್ದು ಸಂಜೆಯ ಹದಿನೈದು ನಿಮಿಷದಿಂದಲೇ. ಮದುವೆ, ಜಾತ್ರೆ ಅಂತ ಮೂರು ದಿನ ಬಿಟ್ಟರೆ ನಾಲ್ಕನೇ ದಿನ ಎದೆ ಭಾರವಾಗಿಬಿಡುತ್ತದೆ.

ಒಂದು ಎಚ್ಚರಿಕೆ. ಕಫದಲ್ಲಿ ರಕ್ತ ಕಂಡರೆ, ಎದೆಯಲ್ಲಿ ಥಟ್ಟನೆ ನೋವು ಬಂದರೆ ಊದುವುದನ್ನು ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ. ಹಿಂದೆ ಶ್ವಾಸಕೋಶದ ಸುತ್ತ ಗಾಳಿ ತುಂಬಿಕೊಂಡಿದ್ದವರು ಕೇಳದೆ ಶುರು ಮಾಡಲೇಬಾರದು. ಕಫದ ಬಣ್ಣ ಹಸಿರಾಗಿ, ಪ್ರಮಾಣ ಜಾಸ್ತಿಯಾದರೆ ಪರೀಕ್ಷೆಗೆ ಕೊಡಿ.

ಅಕಪೆಲ್ಲಾ ಕೊಳ್ಳುವಾಗ ಬಣ್ಣ ನೋಡಿ. ಹಸಿರು, ನಿಮಿಷಕ್ಕೆ 15 ಲೀಟರ್ ವೇಗದಲ್ಲಿ ಮೂರು ಸೆಕೆಂಡ್ ಊದಬಲ್ಲವರಿಗೆ. ಅದಕ್ಕಿಂತ ಕಡಿಮೆ ಇದ್ದರೆ ನೀಲಿ. ರಾಣೆಬೆನ್ನೂರಿನ ನಮ್ಮ ಅತ್ತಿಗೆ ನನ್ನದು ನೋಡಿ ಹಸಿರನ್ನೇ ತರಿಸಲು ಹೊರಟಿದ್ದರು. ತಡೆದು ಹುಬ್ಬಳ್ಳಿಗೆ ಕರೆದುಕೊಂಡು ಹೋದೆ. ಊದಿಸಿ ನೋಡಿ ನೀಲಿ ಬರೆದುಕೊಟ್ಟರು. ಮೊದಲ ವಾರ ನಾನೇ ಎದುರು ಕೂತು ಅವರ ಕನ್ನಡಕ ಕೈಗೆ ಕೊಟ್ಟು ಹಫ್ ಹೇಳಿಕೊಟ್ಟೆ. ಐದನೇ ದಿನ ಬೆಳಿಗ್ಗೆ ಅಡುಗೆ ಮನೆಯಿಂದಲೇ ಕೂಗಿದರು, "ಬಂತ್ರಿ, ಇವತ್ತ ಸಲೀಸಾಗಿ ಬಂತು!"