ಮೌನದ ನಡುವೆ ಕ್ಯಾಮೆರಾ: ಸೋನಿ ಎ9 ಮಾರ್ಕ್ 3

ಅಮೆರಿಕದ ಸಂಯೋಜಕ ಮಾರ್ಟನ್ ಫೆಲ್ಡ್‌ಮನ್ ಅವರ ಕೃತಿಗಳಂಥ ತೀರಾ ಮೆಲ್ಲಗಿನ ಸಂಗೀತ ನಡೆಯುವಾಗ ಶಟರ್‌ನ ಒಂದು ‘ಟಕ್’ ಸಾಕು, ಕೇಳುಗರ ಏಕಾಗ್ರತೆಯೂ ಧ್ವನಿಮುದ್ರಣವೂ ಕೆಡುತ್ತವೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಹಲವು ಕ್ಯಾಮೆರಾಗಳಲ್ಲಿದೆ. ಆದರೆ ಅವುಗಳ ಸೆನ್ಸರ್ ಚಿತ್ರವನ್ನು ಸಾಲುಸಾಲಾಗಿ ಓದುವುದರಿಂದ ವೇಗವಾಗಿ ಎಳೆದ ವಯಲಿನ್ ಕಮಾನು ಬಾಗಿ ಕಾಣುತ್ತದೆ, ಎಲ್‌ಇಡಿ ಬೆಳಕಿನಲ್ಲಿ ಅಡ್ಡಪಟ್ಟಿಗಳು ಮೂಡುತ್ತವೆ. 2023ರ ನವೆಂಬರ್‌ನಲ್ಲಿ ಪ್ರಕಟವಾದ ಎ9 ಮಾರ್ಕ್ 3ರಲ್ಲಿರುವುದು ಗ್ಲೋಬಲ್ ಶಟರ್. 24.6 ಮೆಗಾಪಿಕ್ಸೆಲ್ ಸೆನ್ಸರ್ ಇಡೀ ಚಿತ್ರವನ್ನು ಒಂದೇ ಬಾರಿಗೆ ಹಿಡಿಯುತ್ತದೆ. ಕಮಾನು ನೇರ, ಡ್ರಮ್ ಕೋಲು ನೇರ, ಪಟ್ಟಿಗಳಿಲ್ಲ. ಈ ಕೆಲಸಕ್ಕೆ ಇದರ ನಿಜವಾದ ಗುಣ ಇದೇ, ಸೆಕೆಂಡಿಗೆ 120 ಚಿತ್ರಗಳ ವೇಗವಲ್ಲ.

ಪಟ್ಟಿ ಹೋದರೂ ಮಿನುಗು ಉಳಿಯುತ್ತದೆ. ಮಂದಗೊಳಿಸಿದ ಎಲ್‌ಇಡಿಯಲ್ಲಿ 1/1000 ಸೆಕೆಂಡಿನ ಶಟರ್ ವೇಗದಲ್ಲಿ ತೆಗೆದರೆ ಒಂದು ಚಿತ್ರ ಬೆಳಗಿ, ಮುಂದಿನದು ಮಂಕಾಗಬಹುದು. 1/160ಕ್ಕೆ ಇಳಿಸಿದರೆ ಸಾಮಾನ್ಯವಾಗಿ ಸಮವಾಗುತ್ತದೆ.

ಗ್ಲೋಬಲ್ ಶಟರ್‌ಗೆ ತೆರಬೇಕಾದ ಬೆಲೆ ನಾಯ್ಸ್, ಅಂದರೆ ಚಿತ್ರದಲ್ಲಿ ಮೂಡುವ ಕಾಳುಕಾಳು. ಮೂಲ ಐಎಸ್‌ಒ (ಬೆಳಕಿಗೆ ಸೆನ್ಸರ್‌ನ ಸಂವೇದನೆಯ ಅಳತೆ) 250, ಕತ್ತಲ ಭಾಗಗಳನ್ನು ಆಮೇಲೆ ಎಡಿಟಿಂಗ್‌ನಲ್ಲಿ ಬೆಳಗಿಸಿದರೆ ಅದು ಬೇಗ ಕಾಣುತ್ತದೆ. ಹಾಗಾಗಿ ಎಕ್ಸ್‌ಪೋಷರ್ (ಚಿತ್ರಕ್ಕೆ ಬೀಳುವ ಬೆಳಕಿನ ಪ್ರಮಾಣ) ಸ್ಥಳದಲ್ಲೇ ಸರಿಯಾಗಬೇಕು. ಕಪ್ಪು ಹಿನ್ನೆಲೆ, ಕಪ್ಪು ಉಡುಪು ನೋಡಿ ಆಟೋ ಮೀಟರ್ ಬೆಳಕು ಹೆಚ್ಚಿಸಿ ಮುಖಗಳನ್ನು ಬಿಳುಚಿಸುತ್ತದೆ. ಮ್ಯಾನುಯಲ್‌ನಲ್ಲಿ ಮುಖಕ್ಕೇ ಹೊಂದಿಸಿ. 85 ಅಥವಾ 135 ಎಂಎಂ ಲೆನ್ಸ್, ಎಫ್/1.8 ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿಯ ಅಳತೆ), 1/160, ಐಎಸ್‌ಒ 3200ರಿಂದ ಶುರು ಮಾಡಿ. ಸ್ಟ್ಯಾಂಡ್ ದೀಪದಡಿಯ ಸ್ವರಲಿಪಿ ಹಾಳೆ ಚಿತ್ರದಲ್ಲಿ ಪೂರ್ತಿ ಬೆಳ್ಳಗಾದರೂ ಪರವಾಗಿಲ್ಲ. ಎಫ್/2.8 ಝೂಮ್‌ಗೆ ಅದೇ ಬೆಳಕಿನಲ್ಲಿ ಸುಮಾರು ಐಎಸ್‌ಒ 8000 ಬೇಕು.

ದೀರ್ಘ ಮೌನದ ನಂತರ ಗಾಂಗ್‌ಗೆ ಬೀಳುವ ಹೊಡೆತಕ್ಕೆ ಪ್ರೀ-ಕ್ಯಾಪ್ಚರ್ ಬಹಳ ನೆರವಾಗುತ್ತದೆ, ಒತ್ತುವ ಮೊದಲಿನ ಗರಿಷ್ಠ 1 ಸೆಕೆಂಡಿನ ಚಿತ್ರಗಳನ್ನು ಉಳಿಸಿಕೊಡುತ್ತದೆ. ಅರ್ಧ ಸೆಕೆಂಡು, ಸೆಕೆಂಡಿಗೆ 30 ಚಿತ್ರ ಸಾಕು. 120ರಲ್ಲಿ ಬಫರ್ (ಚಿತ್ರಗಳನ್ನು ತಾತ್ಕಾಲಿಕವಾಗಿ ಹಿಡಿದಿಡುವ ಮೆಮೊರಿ) ಸುಮಾರು 1.6 ಸೆಕೆಂಡಿನಲ್ಲೇ ತುಂಬುತ್ತದೆ, ಆಮೇಲೆ ಆಯ್ಕೆಯೇ ದೊಡ್ಡ ಕೆಲಸ.

ಸಭಾಂಗಣ ಹೊಕ್ಕುವ ಮೊದಲೇ ಆಡಿಯೊ ಸಿಗ್ನಲ್ (ಕ್ಯಾಮೆರಾದ ಬೀಪ್ ಸದ್ದು), ಫೋಕಸ್ ದೀಪ, ಹಿಂಬದಿಯ ಪರದೆ ಮೂರನ್ನೂ ಆರಿಸಿ. ಕ್ಯಾಮೆರಾ ಎಷ್ಟೇ ಮೌನವಾಗಿದ್ದರೂ ಬ್ಯಾಗಿನ ವೆಲ್ಕ್ರೋ ಸದ್ದು ಮೌನವನ್ನು ಸೀಳುತ್ತದೆ. ಪ್ರಿಪೇರ್ಡ್ ಪಿಯಾನೊದ ತಂತಿಗಳ ನಡುವೆ ಸಿಕ್ಕಿಸಿದ ಸ್ಕ್ರೂ, ರಬ್ಬರುಗಳನ್ನು ಸಮೀಪದಿಂದ ತೆಗೆಯುವುದಿದ್ದರೆ ತಾಲೀಮಿನಲ್ಲೇ ಮುಗಿಸಿ, ಎಫ್/5.6ರಲ್ಲಿ.

ಹೆಚ್ಚಾಗಿ ಪಿಯಾನೊ, ನಿಧಾನಗತಿಯ ತಂತಿವಾದ್ಯ ಮೇಳಗಳನ್ನೇ ತೆಗೆಯುವವರಿಗೆ 45.7 ಮೆಗಾಪಿಕ್ಸೆಲ್, ಮೂಲ ಐಎಸ್‌ಒ 64ರ ನಿಕಾನ್ ಝಡ್8 ಹೆಚ್ಚು ಒಗ್ಗುತ್ತದೆ, 910 ಗ್ರಾಂ ತೂಕ ಹೊರಲು ಒಪ್ಪಿದರೆ. ತಾಳವಾದ್ಯಗಳೂ ಎಲ್‌ಇಡಿ ವೇದಿಕೆಗಳೂ ಪದೇಪದೇ ಎದುರಾಗುವವರು ಸೋನಿಯನ್ನೇ ತೆಗೆದುಕೊಳ್ಳಿ.