ಲಿನಕ್ಸ್ ಡೆಸ್ಕ್‌ಟಾಪ್: ಬಹುಕಾಲದ ಬಳಕೆಯ ನಂತರವೂ ಉಳಿದಿರುವ ಒಂದು ದೂರು

ಹಳೆಯದೊಂದು ಲ್ಯಾಪ್‌ಟಾಪ್‌ನಲ್ಲಿ ಹಲವು ವರ್ಷಗಳಿಂದ ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯನ್ನು ಬಳಸುತ್ತಿದ್ದೇನೆ. ಹೊಸ ಯಂತ್ರ ಕೊಳ್ಳುವ ಉದ್ದೇಶವಿಲ್ಲ, ಅದಕ್ಕೆಂದು ತೆಗೆದಿಟ್ಟ ಹಣವೂ ಇಲ್ಲ. ಆದ್ದರಿಂದ ಇರುವ ಯಂತ್ರವೇ ದಿನವೂ ಕೆಲಸಕ್ಕೆ ಒದಗಬೇಕು. ವೇಗ, ನೋಟ, ಉಚಿತವಾಗಿ ಸಿಗುವ ತಂತ್ರಾಂಶಗಳು ಇವುಗಳ ಬಗ್ಗೆ ಓದುಗರಿಗೆ ತಿಳಿದೇ ಇರುವುದರಿಂದ ಅವನ್ನು ಬಿಟ್ಟು, ನನ್ನನ್ನು ಅತಿ ಹೆಚ್ಚು ಕೆರಳಿಸಿದ ಸಂಗತಿಗೇ ಬರುತ್ತೇನೆ. ಡೆಸ್ಕ್‌ಟಾಪ್ ಶುರುವಾಗದಿದ್ದಾಗ, ಅದೇಕೆ ಶುರುವಾಗಲಿಲ್ಲ ಎಂಬುದನ್ನು ಈ ವ್ಯವಸ್ಥೆ ಪರದೆಯ ಮೇಲೆ ಹೇಳುವುದೇ ಇಲ್ಲ.

ಅಪ್‌ಡೇಟ್ ಮುಗಿಸಿ ಯಂತ್ರವನ್ನು ಮರಳಿ ಚಾಲೂ ಮಾಡಿದರೆ ಅಂದವಾದ ಲಾಂಛನವೊಂದು ಮೂಡಿ, ಮಾಯವಾಗಿ, ಆಮೇಲೆ ಬರೀ ಕಪ್ಪು ಪರದೆ ಉಳಿಯುತ್ತದೆ. ಇದಕ್ಕಿಂತ ರೇಗಿಸುವ ಇನ್ನೊಂದು ಪ್ರಕಾರವೂ ಇದೆ: ಪಾಸ್‌ವರ್ಡ್ ಸರಿಯಾಗಿಯೇ ಕೊಟ್ಟರೂ ಪರದೆ ಒಮ್ಮೆ ಮಿನುಗಿ ಪುನಃ ಲಾಗಿನ್ ಪುಟಕ್ಕೇ ತಂದು ನಿಲ್ಲಿಸುತ್ತದೆ. ಡಿಸ್ಕ್ ಪೂರ್ತಿ ತುಂಬಿದ್ದರೂ ಹೀಗಾಗುತ್ತದೆ. ನಮ್ಮ ಕಡತಗಳಿರುವ ಮನೆ ಫೋಲ್ಡರ್‌ನಲ್ಲಿ ಅಡಗಿರುವ, ಪರದೆ ಬಳಸಲು ಅನುಮತಿ ಹೊತ್ತ ಎಕ್ಸ್‌ಅಥಾರಿಟಿ ಎಂಬ ಕಡತದ ಒಡೆತನ, ಎಲ್ಲ ಅಧಿಕಾರವುಳ್ಳ ರೂಟ್ ಬಳಕೆದಾರನ ಪಾಲಾಗಿದ್ದರೂ ಹೀಗೆಯೇ ಆಗುತ್ತದೆ. ಎರಡಕ್ಕೂ ಪರಿಹಾರ ಒಂದೊಂದು ಸಾಲಿನ ಆದೇಶವಷ್ಟೇ. ಆದರೆ ಕಾಯಿಲೆ ಯಾವುದೆಂದು ಲಾಗಿನ್ ಪುಟ ಬಾಯಿಬಿಡದು. ಡಿಸ್ಕ್‌ನಲ್ಲಿ ಜಾಗವಿಲ್ಲ ಎಂಬ ಒಂದು ವಾಕ್ಯ ತೋರಿಸುವುದು ಅಷ್ಟೇನೂ ಕಷ್ಟದ ಕೆಲಸವಲ್ಲ ಎಂದೇ ನಾನು ಈಗಲೂ ವಾದಿಸುತ್ತೇನೆ.

ಇಷ್ಟಾದರೂ ಈ ವ್ಯವಸ್ಥೆಯನ್ನು ಬಿಡದಿರುವುದಕ್ಕೆ ಕಾರಣ ಆ ಕಪ್ಪು ಪರದೆಯ ಹಿಂದೆಯೇ ಇದೆ. ಕಂಟ್ರೋಲ್, ಆಲ್ಟ್ ಮತ್ತು ಎಫ್3 ಕೀಗಳನ್ನು ಒಟ್ಟಿಗೆ ಒತ್ತಿದರೆ, ಬಹುಪಾಲು ಸಂದರ್ಭಗಳಲ್ಲಿ, ಬಿಳಿ ಅಕ್ಷರಗಳ ಕನ್ಸೋಲ್, ಅಂದರೆ ಆದೇಶಗಳನ್ನು ಟೈಪ್ ಮಾಡುವ ಪರದೆ, ತೆರೆದುಕೊಂಡು ಹೆಸರು ಕೇಳುತ್ತದೆ. ಚಿತ್ರರೂಪದ ಡೆಸ್ಕ್‌ಟಾಪ್ ಇಲ್ಲಿ ಕರ್ನಲ್‌ನ, ಅಂದರೆ ವ್ಯವಸ್ಥೆಯ ತಿರುಳಿನ, ಭಾಗವಲ್ಲ. ಪರದೆಯಲ್ಲಿ ಚಿತ್ರ ಮೂಡಿಸುವ, 1984ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಎಕ್ಸ್ ಆಗಲಿ, 2008ರಲ್ಲಿ ಆರಂಭವಾದ ವೇಲ್ಯಾಂಡ್ ಎಂಬ ನಿಯಮಾವಳಿಯಂತೆ ನಡೆಯುವವು ಆಗಲಿ, ಮೇಲಿನಿಂದ ನಡೆಯುವ ಬೇರೆಯೇ ಪ್ರೋಗ್ರಾಮ್‌ಗಳು. ಅವು ಕುಸಿದರೂ ಕಡತಗಳು, ನೆಟ್‌ವರ್ಕ್, ಇತರ ಸೇವೆಗಳು ಎಂದಿನಂತೆ ನಡೆಯುತ್ತಿರುತ್ತವೆ. ಆ ಕನ್ಸೋಲ್‌ನಲ್ಲಿ, ವ್ಯವಸ್ಥೆಯ ಲಾಗ್ (ನಡೆದದ್ದರ ದಾಖಲೆ) ತೋರಿಸುವ ಜರ್ನಲ್‌ಸಿಟಿಎಲ್ ಆದೇಶಕ್ಕೆ ಬಿ ಎಂಬ ಆಯ್ಕೆ ಸೇರಿಸಿದರೆ ಈ ಬಾರಿ ಯಂತ್ರ ಏಳುವಾಗ ನಡೆದದ್ದೆಲ್ಲವೂ ಸಾಲುಸಾಲಾಗಿ ಬರುತ್ತದೆ, ದೋಷಗಳು ಕೆಂಪಕ್ಷರದಲ್ಲಿ. ಎಕ್ಸ್ ಬಳಸುವವರಿಗೆ ಅದರದೇ ಲಾಗ್ ಕಡತವೂ ಉಂಟು. ಅದರಲ್ಲಿ ಆವರಣದೊಳಗೆ ದೋಷವನ್ನು ಸೂಚಿಸುವ ಇಇ ಎಂದಿರುವ ಸಾಲುಗಳನ್ನು ಮಾತ್ರ ಓದಿದರೆ ಸಾಕು. ಬಾಯಿ ಬಿಡದ ಲಾಂಛನಕ್ಕೂ ಇಷ್ಟೊಂದು ವಿವರವಾಗಿ ಮಾತನಾಡುವ ಲಾಗ್‌ಗೂ ಒಂದೇ ವ್ಯವಸ್ಥೆ ಆಶ್ರಯ ಕೊಟ್ಟಿದೆಯೆಂಬುದು ನನಗೆ ಇಂದಿಗೂ ವಿಚಿತ್ರವಾಗಿ ಕಾಣುತ್ತದೆ.

ನನ್ನ ಯಂತ್ರದಲ್ಲಿ ಪದೇಪದೇ ಸಿಕ್ಕಿಬಿದ್ದ ಅಪರಾಧಿ ಗ್ರಾಫಿಕ್ಸ್ ಕಾರ್ಡ್‌ನ ತಯಾರಕರು ಕೊಡುವ, ಮೂಲಸಂಕೇತ ಮುಚ್ಚಿದ ಡ್ರೈವರ್, ಅಂದರೆ ಆ ಕಾರ್ಡನ್ನು ನಡೆಸುವ ತಂತ್ರಾಂಶ. ಕರ್ನಲ್ ಬದಲಾದಾಗಲೆಲ್ಲ ಇಂಥ ಡ್ರೈವರ್‌ನ ಮಾಡ್ಯೂಲ್ (ಕರ್ನಲ್‌ಗೆ ಸೇರಿಕೊಳ್ಳುವ ತುಣುಕು) ಹೊಸ ಕರ್ನಲ್‌ಗೆ ತಕ್ಕಂತೆ ಮತ್ತೆ ಸಿದ್ಧವಾಗಬೇಕು. ಆ ಕೆಲಸವನ್ನು ಡಿಕೆಎಂಎಸ್ ಎಂಬ ಸಾಧನ ತಾನಾಗಿಯೇ ಮಾಡುತ್ತದೆ, ಆದರೆ ಮಾಡ್ಯೂಲ್ ಕಟ್ಟಲು ಬೇಕಾದ, ಹೊಸ ಕರ್ನಲ್‌ನ ಹೆಡರ್ ಪ್ಯಾಕೇಜ್ ಇಲ್ಲದಿದ್ದರೆ ಅದು ಸೋಲುತ್ತದೆ. ಸಹಿ ಇರುವ ತಂತ್ರಾಂಶವನ್ನು ಮಾತ್ರ ನಂಬುವ ಸೆಕ್ಯೂರ್ ಬೂಟ್ ಎಂಬ ರಕ್ಷಣೆ ಚಾಲೂ ಇದ್ದು ಮಾಡ್ಯೂಲ್‌ಗೆ ನಂಬಲರ್ಹ ಸಹಿ ಇಲ್ಲದಿದ್ದರೆ, ಸಿದ್ಧವಾದ ಮಾಡ್ಯೂಲನ್ನೂ ಕರ್ನಲ್ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಇಂಥ ಹೊತ್ತಿನಲ್ಲಿ ಯಂತ್ರ ಏಳುವಾಗ ಮೊದಲು ಬರುವ ಗ್ರಬ್ ಮೆನುವಿನಿಂದ ಹಳೆಯ ಕರ್ನಲನ್ನು ಆರಿಸಿ ಒಳಗೆ ಹೋಗಿ, ಹೆಡರ್‌ಗಳನ್ನು ಹಾಕಿ, ಮಾಡ್ಯೂಲನ್ನು ಮತ್ತೆ ಕಟ್ಟಿಸುತ್ತೇನೆ. ಕನ್ಸೋಲ್ ಕೂಡ ಕಾಣಿಸದಷ್ಟು ಕೆಟ್ಟಿದ್ದರೆ ಅದೇ ಮೆನುವಿನಲ್ಲಿ ಇ ಒತ್ತಿ, ಕರ್ನಲ್‌ನ ಸಾಲಿನ ಕೊನೆಗೆ, ಕರ್ನಲ್‌ನ ಗ್ರಾಫಿಕ್ಸ್ ಡ್ರೈವರ್‌ಗಳು ಪರದೆಯನ್ನು ಹೊಂದಿಸದಂತೆ ತಡೆಯುವ ನೋಮೋಡ್‌ಸೆಟ್ ಎಂಬ ಪದ ಸೇರಿಸಿ, ಎಫ್10 ಒತ್ತಿ ಯಂತ್ರವನ್ನು ಏಳಿಸುತ್ತೇನೆ. ಚಿತ್ರ ಒರಟಾಗಿರಬಹುದು, ಆದರೆ ದುರಸ್ತಿಗೆ ಅಷ್ಟು ಸಾಕಾಗುತ್ತದೆ.

ಈ ಅನುಭವಗಳಿಂದ ಕೆಲವು ಅಭ್ಯಾಸಗಳು ಅಂಟಿಕೊಂಡಿವೆ. ಗ್ರಬ್‌ನ ಸಂರಚನೆಯಲ್ಲಿದ್ದ ಕ್ವಯಟ್ ಮತ್ತು ಸ್ಪ್ಲಾಶ್ ಎಂಬೆರಡು ಪದಗಳನ್ನು ಅಳಿಸಿಬಿಟ್ಟಿದ್ದೇನೆ. ಈಗ ಲಾಂಛನದ ಬದಲು ಸೇವೆಗಳ ಹೆಸರುಗಳೇ ಪರದೆಯಲ್ಲಿ ಓಡುತ್ತವೆ, ಅವುಗಳ ಮುಂದೆ ಹಸಿರು ಬಣ್ಣದ ಓಕೆ ಬೀಳುವುದನ್ನು ನೋಡುತ್ತ ಕೂರುವುದು ನನಗೊಂದು ಸಣ್ಣ ಸಂತೋಷ. ಅಪ್‌ಡೇಟ್‌ಗೆ ಒಪ್ಪಿಗೆ ಕೊಡುವ ಮುನ್ನ ಡಿಎಫ್ ಆದೇಶದಿಂದ ಜಾಗ ನೋಡುತ್ತೇನೆ, ಪಟ್ಟಿಯಲ್ಲಿ ಕರ್ನಲ್‌ನ ಹೆಸರಿದೆಯೇ ಎಂದು ಓದುತ್ತೇನೆ, ಇದ್ದರೆ ಕೆಲಸದ ದಿನ ಮುಗಿಯುವ ತನಕ ಮುಂದೂಡುತ್ತೇನೆ. ಆದೇಶಗಳನ್ನು ಕಾಗದದ ಪುಸ್ತಕದಲ್ಲಿ ಕೈಯಿಂದ ಬರೆದಿಟ್ಟಿದ್ದೇನೆ, ಏಕೆಂದರೆ ಡೆಸ್ಕ್‌ಟಾಪ್ ಬಿದ್ದಾಗ ಬ್ರೌಸರ್ ಕೂಡ ಜೊತೆಗೇ ಬಿದ್ದಿರುತ್ತದೆ.

ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತೇನೆ. ಕನ್ಸೋಲ್‌ಗೆ ಹೆದರದವರು, ಹೆಚ್ಚು ಖರ್ಚಿಲ್ಲದೆ ಹಳೆಯ ಯಂತ್ರವನ್ನು ನಡೆಸಬೇಕಾದವರು ನಿಶ್ಚಿಂತೆಯಿಂದ ಬಳಸಬಹುದು. ಉಳಿದವರ ಯಂತ್ರಕ್ಕೆ ಇದನ್ನು ಹಾಕಿಕೊಡುವುದಾದರೆ, ಕರ್ನಲ್‌ನ ಜೊತೆಗೇ ಬರುವ ಮುಕ್ತ ಡ್ರೈವರ್ ಸಾಕಾಗುವ ಗ್ರಾಫಿಕ್ಸ್ ಕಾರ್ಡ್ ಅದರಲ್ಲಿದೆಯೇ ಎಂದು ಮೊದಲು ನೋಡುತ್ತೇನೆ, ಇಲ್ಲದಿದ್ದರೆ ಒಪ್ಪಿಕೊಳ್ಳುವುದಿಲ್ಲ.