ಎರಡು ಸೀಟೋ, ಅಗಲವಾದ ಒಂದೇ ಸೀಟೋ?

ವಿಮಾನದ ಇಕಾನಮಿ ಸೀಟಿನ ಅಗಲ ಸುಮಾರು 17ರಿಂದ 18 ಇಂಚು. ಅದರಲ್ಲಿ ಹಿಡಿಸದವರು ಪಕ್ಕದ ಸೀಟನ್ನೂ ಕೊಳ್ಳಬೇಕೇ, ಪ್ರೀಮಿಯಂ ಇಕಾನಮಿಗೆ (ಇಕಾನಮಿಗಿಂತ ಒಂದು ಮೆಟ್ಟಿಲು ಮೇಲಿನ ವರ್ಗಕ್ಕೆ) ಹೋಗಬೇಕೇ ಎಂದು ಕೇಳಿದ್ದೀರಿ.

ಅಗಲವೇ ಮುಖ್ಯವಾದರೆ ಎರಡು ಸೀಟು ಮೇಲು. ನಡುವಿನ ಕೈಯಾಸರೆಯನ್ನು ಸಾಮಾನ್ಯವಾಗಿ ಮೇಲೆತ್ತಬಹುದು. ಪ್ರೀಮಿಯಂನಲ್ಲಿ ಹೆಚ್ಚು ಸಿಗುವುದು ಒಂದೆರಡು ಇಂಚು ಮಾತ್ರ. ಅಲ್ಲಿ ಊಟದ ಟ್ರೇ ಕೈಯಾಸರೆಯೊಳಗೇ ಅಡಗಿದ್ದರೆ ಆ ಕೈಯಾಸರೆ ಮೇಲೇಳುವುದಿಲ್ಲ, ಸೊಂಟಕ್ಕೆ ಒತ್ತುತ್ತದೆ. ದಯವಿಟ್ಟು ಮೊದಲೇ ವಿಚಾರಿಸಿ. ಕಾಲು ಚಾಚುವುದೇ ಚಿಂತೆಯಾದರೆ, ದೀರ್ಘ ಪ್ರಯಾಣಕ್ಕೆ ಪ್ರೀಮಿಯಂ ಹಿತ.

ಅಗ್ಗದ ದರವಿದ್ದಾಗ ಎರಡು ಸೀಟಿನ ಮೊತ್ತ ಪ್ರೀಮಿಯಂಗಿಂತ ಕಡಿಮೆಯಾಗುವುದೂ ಉಂಟು. ಕೆನಡಾದ ಸಾರಿಗೆ ಪ್ರಾಧಿಕಾರವಂತೂ, ಸ್ಥೂಲಕಾಯದಿಂದ ಅಂಗವೈಕಲ್ಯ ಉಂಟಾದವರಿಂದ ದೇಶೀಯ ಹಾರಾಟಗಳಲ್ಲಿ ಎರಡು ಸೀಟು ಬೇಕಾದರೂ ಒಂದೇ ಸೀಟಿನ ದರ ಪಡೆಯುವಂತೆ ಪ್ರಮುಖ ಸಂಸ್ಥೆಗಳಿಗೆ 2008ರಲ್ಲೇ ಆದೇಶಿಸಿತು. ಎಲ್ಲೆಡೆ ಹೀಗಾಗಬೇಕು.

ಯಾವುದನ್ನೇ ಆರಿಸಿದರೂ, ಸೀಟ್ ಬೆಲ್ಟ್‌ನ ಉದ್ದ ಸಾಲದಿದ್ದರೆ ಅದಕ್ಕೆ ಜೋಡಿಸುವ ಹೆಚ್ಚುವರಿ ಪಟ್ಟಿಯನ್ನು ಸಿಬ್ಬಂದಿಯಿಂದ ಕೇಳಿ ಪಡೆಯಿರಿ; ಸಂಕೋಚ ಬೇಡ.